ಗಟ್ಟಿ ಅಟ್ಟೆಯ ಸೈಕಲ್ ಶೂ: ಬಳಕೆದಾರರ ಕೈಪಿಡಿ (ಗಾಳಿಬೀಡು ಆವೃತ್ತಿ)

ಓದುವ ಮುನ್ನ

ಈ ಕೈಪಿಡಿಯನ್ನು ಶೂ ಕೊಳ್ಳುವುದಕ್ಕೆ ಮೊದಲು ಓದತಕ್ಕದ್ದು. ಶೂ ತಂದು, ಬೆಲೆಯ ಚೀಟಿ ಕಿತ್ತೆಸೆದು, ಮನೆಯಲ್ಲಿ ಅರ್ಧ ಬೆಲೆ ಹೇಳಿ ಮುಗಿಸಿದವರು ನೇರವಾಗಿ 9ನೇ ಭಾಗಕ್ಕೆ ಹೋಗಬಹುದು. ನಡುವಿನ ಭಾಗಗಳಿಂದ ಅವರಿಗೆ ದುಃಖವೇ ಹೊರತು ಲಾಭವಿಲ್ಲ.

ಇದು ಗಾಳಿಬೀಡು ಆವೃತ್ತಿ. ಮಡಿಕೇರಿಯಿಂದ ಹೊರಟು, ಗಾಳಿಬೀಡಿನ ತೋಟದ ರಸ್ತೆಗಳಿಗೋ ಮಾಂದಲಪಟ್ಟಿಯ ಜೀಪು ದಾರಿಗೋ ಸೈಕಲ್ ತಿರುಗಿಸುವವರಿಗೆ ಅನ್ವಯಿಸುತ್ತದೆ. ಬೆಂಗಳೂರಿನ ತುರಹಳ್ಳಿ ಕಾಡಿನ ಹಾದಿಯಲ್ಲಿ ಭಾನುವಾರ ಬೆಳಿಗ್ಗೆ ಎರಡು ಸುತ್ತು ಹೊಡೆದು, ಹತ್ತು ಗಂಟೆಗೆ ದೋಸೆಯ ಮುಂದೆ ಕೂರುವವರಿಗೆ ಇದರ ಅರ್ಧ ಎಚ್ಚರಿಕೆ ಸಾಕು.

1. ಉತ್ಪನ್ನ ಯಾವುದಕ್ಕೆ

ಡಾಂಬರು ಮುಗಿದ ಮೇಲೂ ನಿಲ್ಲದ ಸೈಕಲ್ ಸವಾರಿಗೆ ಜಗತ್ತು ಈಗ ಗ್ರಾವೆಲ್ ಎನ್ನುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಿಂದ ಇದಕ್ಕೊಂದು ದೊಡ್ಡ ಸ್ಪರ್ಧೆ ನಡೆಯುತ್ತಿದೆ. ಈಗ ಅದರ ಹೆಸರು ಅನ್‌ಬೌಂಡ್; ಹೆಸರುವಾಸಿ ವಿಭಾಗದ ದೂರ 200 ಮೈಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಶುರು ಮಾಡಿತು. ಅಲ್ಲಿ ದುಡ್ಡು ಕಟ್ಟಿ ಹುಡುಕಿಕೊಂಡು ಹೋಗುವ ರಸ್ತೆ ನಮ್ಮಲ್ಲಿ ‘ಇನ್ನೂ ಸ್ಯಾಂಕ್ಷನ್ ಆಗಿಲ್ಲ’ ಎಂಬ ಕಾರಣಕ್ಕೆ ಉಚಿತವಾಗಿ ಸಿಗುತ್ತದೆ.

ಮೌಂಟನ್ ಬೈಕಿಂಗ್ ಇದಕ್ಕಿಂತ ಹಿರಿಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೇ ಅದಕ್ಕೆ ಜಾಗ ಸಿಕ್ಕಿತ್ತು. ಗಾಳಿಬೀಡಿನ ಅನುಕೂಲವೆಂದರೆ ಎರಡಕ್ಕೂ ಬೇರೆ ಬೇರೆ ದಾರಿ ಹುಡುಕಬೇಕಾಗಿಲ್ಲ. ಡಾಂಬರು, ಜಲ್ಲಿ, ಕಡಿದಾದ ತಿರುವಿನಲ್ಲಿ ಮಾತ್ರ ಕಾಂಕ್ರೀಟ್, ಜೀಪಿನ ಚಕ್ರ ಕೊರೆದ ಜೋಡಿ ಜಾಡು, ನಡುವೆ ಹುಲ್ಲು, ಹಳ್ಳ ದಾಟುವಲ್ಲಿ ಪಾಚಿ ಹಿಡಿದ ಕಲ್ಲು. ಎಲ್ಲವೂ ಒಂದೇ ಬೆಳಗಿನಲ್ಲಿ, ಯಾವ ಸೂಚನಾ ಫಲಕವೂ ಇಲ್ಲದೆ ಎದುರಾಗುತ್ತವೆ.

ಆದ್ದರಿಂದ ಮೊದಲ ಎಚ್ಚರಿಕೆ. ಇದನ್ನು ಕೆಂಪು ಅಕ್ಷರದಲ್ಲಿ ಅಚ್ಚಾಗಿದೆಯೆಂದು ತಿಳಿದು ಓದಿ: ಸೈಕಲ್ ಶೂವನ್ನು ತುಳಿಯುವುದಕ್ಕೆಂದು ಮಾರುತ್ತಾರೆ, ನೀವು ನಡೆಯುವುದಕ್ಕೆಂದು ಕೊಳ್ಳಿ. ತುಳಿಯುವಾಗ ಸುಮಾರಾದ ಶೂ ಕೂಡ ಹೇಗೋ ನಿಭಾಯಿಸುತ್ತದೆ. ಸೈಕಲ್ ನಿಮ್ಮ ಹೆಗಲೇರಿದಾಗ ಶೂವಿನ ಯೋಗ್ಯತೆ ಗೊತ್ತಾಗುತ್ತದೆ. ನಮಗೆ ಹಾಗೆ ಆಗುವುದಿಲ್ಲ ಎನ್ನುವ ಬಲಶಾಲಿಗಳು ಗಮನಿಸಿ: 2023ರ ಅನ್‌ಬೌಂಡ್‌ನಲ್ಲಿ ಹೊರಟು ಹೆಚ್ಚು ಹೊತ್ತಾಗುವ ಮೊದಲೇ ಅಂಟು ಕೆಸರಿನ ಹಾದಿ ಎದುರಾಗಿ, ಪಳಗಿದ ಸ್ಪರ್ಧಿಗಳೂ ಸೈಕಲ್ ಹೊತ್ತು ನಡೆದರು.

2. ಗಟ್ಟಿ ಎಂದರೆ ಎಷ್ಟು ಗಟ್ಟಿ

ಕ್ಲಿಪ್ ಪೆಡಲ್, ಎಂದರೆ ಶೂವಿನ ಅಡಿಯನ್ನು ಕಚ್ಚಿ ಹಿಡಿಯುವ ಪೆಡಲ್, ಅಂಗೈಗಿಂತ ಸಣ್ಣದು. ಅದರ ಮೇಲೆ ಮೆತ್ತನೆಯ ಕ್ಯಾನ್ವಾಸ್ ಶೂ ಇಟ್ಟು ತುಳಿದರೆ ಅಟ್ಟೆ ಪೆಡಲಿನ ಹಿಂದೆ ಮುಂದೆ ಬಾಗುತ್ತದೆ, ಭಾರವೆಲ್ಲ ಪಾದದ ಒಂದೇ ಜಾಗಕ್ಕೆ ಬೀಳುತ್ತದೆ. ಹೊತ್ತು ಕಳೆದಂತೆ ಆ ಜಾಗ ಉರಿಯತೊಡಗುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ, ಅಂಗಾಲಿನ ಸ್ನಾಯು ಪಾದವನ್ನು ನೆಟ್ಟಗೆ ಹಿಡಿಯುವುದರಲ್ಲೇ ಸೋತುಹೋಗುತ್ತದೆ. ಗಟ್ಟಿ ಅಟ್ಟೆ ಆ ಭಾರವನ್ನು ಅಂಗಾಲಿನ ಉದ್ದಕ್ಕೂ ಹಂಚುತ್ತದೆ. ಅದರ ಮುಖ್ಯ ಉಪಕಾರ ಇದೇ.

ವೇಗ? ಅದನ್ನು ಜಾಹೀರಾತಿಗೆ ಬಿಡಿ. ಕೊಲರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ರಿಂದ 150 ವಾಟ್‌ನ ಸಮಾಧಾನದ ತುಳಿತದಲ್ಲಿ, ಓಟದ ಶೂಗೂ ಕ್ಲಿಪ್ ಹಾಕಿದ ಸೈಕಲ್ ಶೂಗೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದೆ ಕ್ರಾಮ್ ತಂಡವೇ ಏರಿನಲ್ಲಿ ಪೂರ್ಣ ಬಲ ಹಾಕಿ ಧಾವಿಸುವ ಸವಾರರನ್ನು ಅಳೆದಾಗ ಸೈಕಲ್ ಶೂ ಮೇಲುಗೈ ಪಡೆಯಿತು. ಎಂದರೆ, ಅಬ್ಬಿ ಜಲಪಾತದ ಕಡೆಯ ಏರಿನಲ್ಲಿ ಗೆಳೆಯನನ್ನು ಹಿಂದೆ ಹಾಕಲೇಬೇಕೆಂಬ ಹಟವಿದ್ದಾಗ ಅರ್ಧ ನಿಮಿಷ ಉಪಯೋಗವಿದೆ. ಉಳಿದ ಹೊತ್ತು ಅದು ಪಾದದ ನೆಮ್ಮದಿಯ ಪ್ರಶ್ನೆ ಅಷ್ಟೆ.

ಅಟ್ಟೆಯಲ್ಲಿ ಮೂರು ಜಾತಿ: ಬರಿಯ ನೈಲಾನ್, ಗಾಜಿನ ನಾರು ಬೆರೆಸಿದ ನೈಲಾನ್, ಕಾರ್ಬನ್. ಈ ಕ್ರಮದಲ್ಲೇ ಬಿಗಿಯೂ ಏರುತ್ತದೆ, ಬೆಲೆಯೂ ಏರುತ್ತದೆ, ನಡೆಯುವವನ ಗೋಳೂ ಏರುತ್ತದೆ. ಪೂರ್ತಿ ಕಾರ್ಬನ್ ಅಟ್ಟೆ ಎಲ್ಲಿಯೂ ಬಾಗುವುದಿಲ್ಲ. ಹೆಜ್ಜೆ ಎತ್ತಿದಾಗ ಹಿಮ್ಮಡಿ ಶೂವಿನೊಳಗೆ ಮೇಲೆದ್ದು ಉಜ್ಜುತ್ತದೆ, ಗುಳ್ಳೆ ಏಳುತ್ತದೆ. ಕೆಲವು ಕಂಪನಿಗಳು ಬಿಗಿತಕ್ಕೆ ಅಂಕ ಕೊಡುತ್ತವೆ. ಶಿಮಾನೊದ ಪಟ್ಟಿ 12ರವರೆಗೆ ಹೋಗುತ್ತದೆ, ಬೇರೆಯವರ ಪಟ್ಟಿ ಬೇರೆ. ಒಂದರ 10ನ್ನು ಇನ್ನೊಂದರ 10ರ ಪಕ್ಕದಲ್ಲಿಡುವುದು ಎರಡು ಶಾಲೆಯ ಮೇಷ್ಟ್ರುಗಳು ಕೊಟ್ಟ ಅಂಕ ಹೋಲಿಸಿ ಸೊಸೆ ಹುಡುಕಿದ ಹಾಗೆ.

ಗಾಳಿಬೀಡು ಆವೃತ್ತಿಯ ಶಿಫಾರಸು: ಗಾಜಿನ ನಾರಿನ ನೈಲಾನ್, ಅಂಗಾಲಿನಡಿ ಬಿಗಿ, ಬೆರಳಿನ ಬುಡದಿಂದ ಮುಂದಕ್ಕೆ ಸ್ವಲ್ಪ ಬಾಗು. ಕಂಪನಿಯ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ನಡುವಿನ ಸಾಲಿನಲ್ಲಿರುತ್ತದೆ. ಅಂಗಡಿಯವನು ಮೇಲಿನ ಸಾಲು ತೋರಿಸಿದರೆ ಮೆಚ್ಚಿ, ಮುಟ್ಟಿ, ವಾಪಸು ಕೊಡಿ.

3. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಒಂದು: ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ಮೂತಿ ಹಿಡಿದು ಬಾಗಿಸಿ. ನಡುವೆ ಬಾಗಿದರೆ ಅದು ಓಟದ ಶೂ, ವಾಪಸಿಡಿ. ಎಲ್ಲಿಯೂ ಬಾಗದಿದ್ದರೆ ಅದು ಸ್ಪರ್ಧೆಯ ಶೂ. ಬೇರೆಯವರಿಗೆ ಉಡುಗೊರೆ ಕೊಡಬಹುದು.

ಎರಡು: ಅಟ್ಟೆ ತಿರುಗಿಸಿ ನೋಡಿ. ಮುಂದೆ ಹಿಂದೆ ಮಾತ್ರ ರಬ್ಬರ್ ಇದ್ದು ನಡುವೆ ನುಣುಪಾದ ಪ್ಲಾಸ್ಟಿಕ್ ಇದ್ದರೆ ಅನುಮಾನಪಡಿ. ಕೆಟ್ಟ ಇಳಿಜಾರಿನಲ್ಲಿ ಕಾಲು ಕ್ಲಿಪ್ಪಿಗೆ ಸಿಕ್ಕದೆ ಪೆಡಲಿನ ಮೇಲೆ ಅಂಗಾಲಿನ ನಡುಭಾಗವೇ ಬಂದು ಕೂರುವುದುಂಟು. ಆ ಗಳಿಗೆಯಲ್ಲಿ ಅಲ್ಲಿ ರಬ್ಬರ್ ಇರಬೇಕು.

ಮೂರು: ರಬ್ಬರಿಗೆ ಉಗುರು ಒತ್ತಿ. ಉಗುರಿಗೇ ನೋವಾದರೆ ಪಾಚಿ ಕಲ್ಲಿನ ಮೇಲೆ ನಿಮಗೆ ಎಲ್ಲ ಕಡೆಯೂ ನೋವಾಗುತ್ತದೆ. ಜಾರುವ ಅಟ್ಟೆಯ ಬೆಲೆ ಪರ್ವತಾರೋಹಿಗಳಿಗೆ ಬಹಳ ಹಿಂದೆಯೇ ತಿಳಿದಿತ್ತು. ಇಟಲಿಯ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್‌ನ ಒಂದು ದುರಂತದಲ್ಲಿ ಆರು ಸಂಗಡಿಗರನ್ನು ಕಳೆದುಕೊಂಡ ಮೇಲೆ, 1937ರಲ್ಲಿ ದಪ್ಪ ಹಲ್ಲಿನ ರಬ್ಬರ್ ಅಟ್ಟೆ ತಯಾರಿಸಿದ. ಅವನ ಹೆಸರಿನಿಂದಲೇ ಬಂದ ವೈಬ್ರಮ್ ಎಂಬ ಮುದ್ರೆ ಈಗ ಕೆಲವು ಸೈಕಲ್ ಶೂಗಳ ಅಡಿಯಲ್ಲೂ ಇರುತ್ತದೆ. ಈಗಿನ ಗಿರಾಕಿ ಅದೇ ಶೂವಿನ ಬಣ್ಣ ನೋಡಿ ಕೊಳ್ಳುತ್ತಾನೆ.

ನಾಲ್ಕು: ಎರಡೂ ಶೂ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಿರಿ. ಮೆಟ್ಟಿಲಿಲ್ಲದಿದ್ದರೆ ಹೊರಗಿನ ಚರಂಡಿಯ ಚಪ್ಪಡಿ ಸಾಕು. ಸಿಬ್ಬಂದಿ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಅವರು ಮಾಂದಲಪಟ್ಟಿಗೆ ನಿಮ್ಮ ಜೊತೆ ಬರುವವರಲ್ಲ.

ಐದು: ಮೂತಿಯ ರಬ್ಬರ್ ಕವಚವನ್ನು ಗೋಡೆಗೆ ಮೆಲ್ಲಗೆ ಒದ್ದು ನೋಡಿ. ತೋಟದ ದಾರಿಯ ಕಲ್ಲು ಇಷ್ಟು ಮೆಲ್ಲಗೆ ಒದೆಯಿಸಿಕೊಳ್ಳುವುದಿಲ್ಲ.

4. ಅಳತೆ

ಯೂರೋಪಿನ ನಂಬರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಮುಕ್ಕಾಲು ಸೆಂಟಿಮೀಟರಿಗೂ ಕಡಿಮೆ, ಸುಮಾರು 6.7 ಮಿ.ಮೀ. ನಮ್ಮ ಚಪ್ಪಲಿ ಅಂಗಡಿಗಳು ಬಳಸುವ ಇಂಗ್ಲೆಂಡಿನ ನಂಬರಿನಲ್ಲಿ ಅದು ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಎರಡು ಅಳತೆಗಳು ಒಂದಕ್ಕೊಂದು ಸರಿಯಾಗಿ ಕೂರದ ಕಾರಣ ‘ನನ್ನದು ಎಂಟು’ ಎಂಬ ನಿಮ್ಮ ಆತ್ಮವಿಶ್ವಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದು, ಮಿಲಿಮೀಟರಿನಲ್ಲಿ ಉದ್ದ ಅಗಲ ಎರಡನ್ನೂ ಅಳೆದು, ಆಯಾ ಕಂಪನಿಯ ಪಟ್ಟಿಗೆ ಹೋಲಿಸಿ. ಸಂಜೆ ಅಳೆಯಿರಿ; ದಿನವಿಡೀ ನಿಂತ ಪಾದ ಬೆಳಗಿನದಕ್ಕಿಂತ ದಪ್ಪವಾಗಿರುತ್ತದೆ.

ಉದ್ದಕ್ಕಿಂತ ಅಗಲ ಮುಖ್ಯ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ, ಗದ್ದೆಯ ಬದುವಿನ ಮೇಲೆ ಬೆಳೆದ ಪಾದದ ಬೆರಳುಗಳು ಆರಾಮವಾಗಿ ಹರಡಿಕೊಂಡಿರುತ್ತವೆ. ಹಲವು ಕಂಪನಿಗಳ ಅಚ್ಚು ತೆಳ್ಳನೆಯ ಪಾದವನ್ನು ನೆನೆದು ಮಾಡಿದ್ದು. ಉದ್ದ ಸರಿಯಿದ್ದು ಪಕ್ಕ ಒತ್ತಿದರೆ ಒಂದು ನಂಬರ್ ಮೇಲಕ್ಕೆ ಹೋಗಬೇಡಿ. ಅದೇ ನಂಬರಿನ ಅಗಲ ಮಾದರಿ ಕೇಳಿ. ಮೇಲಿನ ನಂಬರ್ ಹಾಕಿದರೆ ಪಾದ ಒಳಗೆ ಜಾರಾಡುತ್ತದೆ, ಕ್ಲೀಟ್ (ಪೆಡಲ್ ಕಚ್ಚಿ ಹಿಡಿಯುವ, ಅಟ್ಟೆಯಡಿಯ ತುಂಡು) ಕೂರಬೇಕಾದ ಜಾಗವೂ ತಪ್ಪುತ್ತದೆ. ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಖಾಲಿ ಇರಲಿ. ಗಾಳಿಬೀಡಿನಲ್ಲಿ ಹತ್ತುವವರು ಇಳಿಯಲೂ ಬೇಕು. ಸೈಕಲ್ ತಳ್ಳುತ್ತಾ ಇಳಿಯುವಾಗ ಬೆರಳು ಮೂತಿಗೆ ಬಡಿದರೆ ಉಗುರು ಕಪ್ಪಾಗುತ್ತದೆ.

5. ಕ್ಲೀಟ್ ಜೋಡಿಸುವ ವಿಧಾನ

1985ರಲ್ಲಿ ಬರ್ನಾರ್ ಇನೋ ಲುಕ್ ಕಂಪನಿಯ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಆ ಬಳಗದ ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಇಂದಿಗೂ ರಸ್ತೆ ಸವಾರರ ಕಾಲಲ್ಲಿದೆ. ಅದು ಅಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿರುವುದರಿಂದ ಕ್ಯಾಂಟೀನಿಗೆ ಹೋಗುವ ಹತ್ತು ಹೆಜ್ಜೆಯೂ ಪ್ರಯಾಸ. 1990ರಲ್ಲಿ ಶಿಮಾನೊ ತಂದ ಎಸ್‌ಪಿಡಿ ಬೇರೆ ಬಗೆ: ಎರಡು ಬೋಲ್ಟಿನ ಪುಟ್ಟ ಲೋಹದ ಕ್ಲೀಟ್, ರಬ್ಬರ್ ಹಲ್ಲುಗಳ ನಡುವಿನ ತಗ್ಗಿನಲ್ಲಿ ಅಡಗಿ ಕೂರುತ್ತದೆ. ಎರಡು ಬೋಲ್ಟಿನದನ್ನೇ ಕೊಳ್ಳಿ. ಈ ವಿಷಯದಲ್ಲಿ ಕೈಪಿಡಿಗೆ ಎರಡನೇ ಅಭಿಪ್ರಾಯವಿಲ್ಲ.

ಬೋಲ್ಟಿಗೆ ಗ್ರೀಸ್ ಹಚ್ಚಿ, 4 ಮಿ.ಮೀ. ಅಲೆನ್ ಕೀಯಿಂದ 5ರಿಂದ 6 ನ್ಯೂಟನ್ ಮೀಟರಿನಷ್ಟು ಬಿಗಿ ಮಾಡಿ. ಗ್ರೀಸ್ ಹಚ್ಚದಿದ್ದರೆ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದು ಬೋಲ್ಟ್ ಮತ್ತು ಶೂ ಏಕದೇಹವಾಗುತ್ತವೆ. ಹೆಬ್ಬೆರಳಿನ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ ಬರುವುದು ಪಠ್ಯಪುಸ್ತಕದ ಜಾಗ. ಒರಟು ಇಳಿಜಾರಿಗೆ ಹೋಗುವವರು ಕ್ಲೀಟನ್ನು ಅದಕ್ಕಿಂತ ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಮೀನಖಂಡಕ್ಕೆ ಹಗುರ, ನಿಲುವಿಗೆ ಭದ್ರ. ಜಾಗ ಸಿಕ್ಕಿದ ಮೇಲೆ ಸುತ್ತ ಪೆನ್ನಿನಿಂದ ಗೆರೆ ಹಾಕಿ.

ಶಿಮಾನೊದಲ್ಲಿ ಎರಡು ಕ್ಲೀಟ್ ಹೆಚ್ಚು ಬಳಕೆಯಲ್ಲಿವೆ. ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಬಿಡುತ್ತದೆ. ಎಸ್‌ಎಚ್56 ಗಾಬರಿಯಲ್ಲಿ ಮೇಲಕ್ಕೆ ಕಿತ್ತರೂ ಬಿಡುತ್ತದೆ. ಹೊಸಬರಿಗೆ ಎರಡನೆಯದು. ಪೆಡಲಿನ ಸ್ಪ್ರಿಂಗ್ ಸಡಿಲವಾಗಿರಲಿ.

ಅಭ್ಯಾಸವನ್ನು ಕಾಫಿ ಕಣದ ಪಕ್ಕದ ಹುಲ್ಲಿನ ಮೇಲೆ, ಒಂದು ಕೈಯಲ್ಲಿ ಸಿಲ್ವರ್ ಓಕ್ ಹಿಡಿದುಕೊಂಡು ಮಾಡಿ. ಆದರೂ ಒಮ್ಮೆ ಬೀಳುತ್ತೀರಿ. ಸೈಕಲ್ ಪೂರ್ತಿ ನಿಂತಿರುತ್ತದೆ, ಕಾಲು ಪೆಡಲಿನಲ್ಲಿ ಸಿಕ್ಕಿಕೊಂಡಿರುತ್ತದೆ, ನೀವು ಕಡಿದ ಮರದಂತೆ ನಿಧಾನವಾಗಿ ಒಂದು ಕಡೆಗೆ ವಾಲುತ್ತೀರಿ. ಇದು ಉತ್ಪನ್ನದ ದೋಷವಲ್ಲ, ದೀಕ್ಷೆ. ಆ ಹೊತ್ತಿಗೆ ಗಾಳಿಬೀಡಿನ ನವೋದಯ ವಿದ್ಯಾಲಯದ ಮಕ್ಕಳು ಸಾಲಾಗಿ ಹೋಗುತ್ತಿರುವುದೂ ಸಹಜ.

ಬೀಳಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ: ಮೊಳೆಯಂಥ ಪಿನ್‌ಗಳಿರುವ ಅಗಲ ಚಪ್ಪಟೆ ಪೆಡಲ್, ಅಂಟು ರಬ್ಬರಿನ ಶೂ. 1985ರಲ್ಲಿ ಬಂಡೆ ಹತ್ತುವವರಿಗಾಗಿ ಹುಟ್ಟಿದ ಫೈವ್ ಟೆನ್ ಕಂಪನಿಯ ರಬ್ಬರನ್ನು ಮೌಂಟನ್ ಬೈಕಿನವರು ತಮ್ಮದಾಗಿಸಿಕೊಂಡದ್ದು ಇದೇ ಕಾರಣಕ್ಕೆ. ಪೆಡಲ್ ಅಗಲವಾದ್ದರಿಂದ ಅಟ್ಟೆ ಅಷ್ಟು ಬಿಗಿ ಇರಬೇಕಾಗಿಲ್ಲ, ನಡೆಯುವುದೂ ಸುಲಭ.

6. ಕಟ್ಟು

ಲೇಸು: ಕೆಸರು ಕುಡಿದು ಗಂಟು ಕಲ್ಲಾಗುತ್ತದೆ. ಆದರೆ ಹರಿದರೆ ಮಡಿಕೇರಿಯ ಯಾವ ಅಂಗಡಿಯಲ್ಲಾದರೂ ಹೊಸದು ಸಿಗುತ್ತದೆ.

ವೆಲ್ಕ್ರೊ: ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಕಂಡುಕೊಂಡ ಉಪಾಯ. ನಮ್ಮ ತೋಟದ ಬದಿಯ ಅಂಟುಬೀಜಗಳಿಗೆ ಈ ಚರಿತ್ರೆ ಗೊತ್ತಿರುವಂತಿದೆ. ನೇರ ಹೋಗಿ ಅಲ್ಲೇ ಕೂರುತ್ತವೆ. ಆಗಾಗ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಬೋವಾ ಡಯಲ್: ತಂತಿ ಸುತ್ತುವ ತಿರುಪು. ತಿರುಗಿಸಿದರೆ ಬಿಗಿ, ಮೇಲೆಳೆದರೆ ಕ್ಷಣದಲ್ಲಿ ಸಡಿಲ. 7ನೇ ಭಾಗ ಓದಿದರೆ ಈ ಕ್ಷಣದ ಬೆಲೆ ತಿಳಿಯುತ್ತದೆ. ಕಲ್ಲಿಗೆ ತಾಗಿ ಡಯಲ್ ಒಡೆದರೆ ಬಿಡಿಭಾಗ ಕೊರಿಯರ್‌ನಲ್ಲಿ ಬರಬೇಕು. ಅಲ್ಲಿಯವರೆಗೆ ಬಾಳೆ ನಾರಿನಿಂದ ಕಟ್ಟಿಕೊಳ್ಳಬಹುದು. ಕಂಪನಿ ಇದನ್ನು ಅನುಮೋದಿಸಿಲ್ಲ.

7. ಇಂಬಳ

ಬೇಸಿಗೆಯ ದೇಶಗಳಿಗಾಗಿ ಮಾಡಿದ ಶೂವಿನಲ್ಲಿ ಜಾಲರಿ ಇರುತ್ತದೆ, ಕೆಲವುಗಳ ಅಟ್ಟೆಯಲ್ಲೇ ಗಾಳಿಕಿಂಡಿ ಇರುತ್ತದೆ. ಒಳಗೆ ಹೋಗುವುದು ಗಾಳಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಇಂಬಳ ಪೆಟ್ಟಿಗೆ ಓದುವುದಿಲ್ಲ. ಅದು ಕಚ್ಚಿದ್ದು ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಸೇರಿಸುವುದರಿಂದ ಬಿಟ್ಟ ಮೇಲೂ ಒಸರುತ್ತಲೇ ಇರುತ್ತದೆ. ಮಳೆಗಾಲದ ಶೂವಿಗೆ ಮುಚ್ಚಿದ ಮೈ, ನಾಲಗೆಯ ಎರಡೂ ಪಕ್ಕ ಹೊಲಿದ ಅಂಚು, ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಬೇಕು. ಸುಣ್ಣ ಕಲಸಿದ ಹೊಗೆಸೊಪ್ಪು, ಉಪ್ಪು, ಡೆಟಾಲ್: ಯಾವುದು ಮೇಲು ಎಂಬ ಚರ್ಚೆ ಪ್ರತಿ ಮನೆಯಲ್ಲಿದೆ, ಕೈಪಿಡಿ ಅದರಲ್ಲಿ ತಲೆಹಾಕುವುದಿಲ್ಲ. ಬಿಳಿ ಶೂ ಕೊಳ್ಳಬೇಡಿ ಎಂದಷ್ಟೇ ಹೇಳುತ್ತದೆ.

8. ನಿರ್ವಹಣೆ ಮತ್ತು ಬಳಕೆಯ ಮಿತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗುವುದಿಲ್ಲ, ಒಣಗಿದಂತೆ ನಟಿಸುತ್ತದೆ. ಒಳಗಿನ ಮೆತ್ತೆ ಹೊರತೆಗೆದು, ಹಳೆಯ ದಿನಪತ್ರಿಕೆ ಮುದ್ದೆ ಮಾಡಿ ತುರುಕಿ, ಕೆಲವು ಗಂಟೆಗೊಮ್ಮೆ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಟ್ಟಿದ ಮಾಂಸದ ಪಕ್ಕ ನೇತುಹಾಕಿದರೆ ಶೂ ಒಣಗಬಹುದು. ಆಮೇಲೆ ದಾರಿಯುದ್ದಕ್ಕೂ ಊರಿನ ನಾಯಿಗಳೆಲ್ಲ ನಿಮ್ಮ ಹಿಂಬಾಲಕರಾಗುತ್ತವೆ.

ಮಳೆಗಾಲಕ್ಕೆ ಬೀರುವಿನಲ್ಲಿ ಎತ್ತಿಟ್ಟರೂ ಪಾರಾಗುವುದಿಲ್ಲ. ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಅಟ್ಟೆಯಲ್ಲಿ ಪಾಲಿಯುರಿಥೇನ್ ಪದರವಿದ್ದರೆ, ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಕೂತಾಗ ಅದು ರಾಸಾಯನಿಕವಾಗಿ ಒಡೆದು, ಹಾಕಿಕೊಂಡ ದಿನ ಪುಡಿಪುಡಿಯಾಗಿ ಉದುರುತ್ತದೆ. ಶೂ ಹಾಳಾಗದಿರಲು ಮುಖ್ಯ ಉಪಾಯ ಅದನ್ನು ಹಾಕಿಕೊಳ್ಳುವುದು. ಮನೆಯವರಿಗೆ ಈ ವಾಕ್ಯ ತೋರಿಸಬಹುದು.

ಮಿತಿ: ಗಾಳಿಬೀಡಿನಿಂದ ಕಡಮಕಲ್ಲು ಮೂಲಕ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ದಾರಿ ಫೋನಿನ ನಕಾಶೆಯಲ್ಲಿ ಬಹಳ ಆಸೆ ಹುಟ್ಟಿಸುತ್ತದೆ. ಅದು ಮೀಸಲು ಅರಣ್ಯದೊಳಗಿನ ದಾರಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅಲ್ಲಿ ಆನೆಗಳಿವೆ. ಗಟ್ಟಿ ಅಟ್ಟೆಯ ಶೂ ಹಾಕಿಕೊಂಡು ಆನೆಯ ಮುಂದೆ ಓಡುವ ವಿಧಾನವನ್ನು ಯಾವ ಕಂಪನಿಯೂ ಪರೀಕ್ಷಿಸಿಲ್ಲ.

ಇನ್ನೊಂದು ಸೂಚನೆಯಲ್ಲಿ ತಮಾಷೆ ಇಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಮನೆ, ತೋಟ, ರಸ್ತೆ ಸಮೇತ ಜಾರಿದವು. ಆ ಮಳೆ ಕಂಡವರು ‘ಇವತ್ತು ಆ ಕಡೆ ಬೇಡ’ ಎಂದರೆ ಸೈಕಲ್ ತಿರುಗಿಸಿ.

9. ದೋಷ ಮತ್ತು ಪರಿಹಾರ

ದೋಷ: ಕಾಲು ಪೆಡಲಿಗೆ ಸಿಕ್ಕುತ್ತಿಲ್ಲ. ಕಾರಣ: ಕ್ಲೀಟಿನ ತಗ್ಗಿನಲ್ಲಿ ಕೆಂಪು ಮಣ್ಣು, ಅದರಲ್ಲಿ ಸಿಲ್ವರ್ ಓಕ್ ಎಲೆ. ಪರಿಹಾರ: ಕಡ್ಡಿಯಿಂದ ಕೆರೆಯಿರಿ. ಮತ್ತೆ ಮತ್ತೆ ಹೀಗಾದರೆ ಕೆಸರು ಹೊರಬೀಳಲು ತೆರಪಿರುವ ಎಗ್‌ಬೀಟರ್‌ನಂಥ ಪೆಡಲ್ ನೋಡಿ.

ದೋಷ: ಕಾಲು ಪೆಡಲಿನಿಂದ ಬಿಡುತ್ತಿಲ್ಲ. ಕಾರಣ: ಒಂದು ಬೋಲ್ಟ್ ಬಿದ್ದು ಹೋಗಿ ಕ್ಲೀಟ್ ಇದ್ದಲ್ಲೇ ತಿರುಗುತ್ತಿದೆ. ಪರಿಹಾರ: ಶೂವನ್ನು ಸೈಕಲ್ಲಿಗೆ ಬಿಟ್ಟು ನೀವು ಹೊರಗೆ ಬನ್ನಿ. ಮುಂದಿನ ಸಲ ಬಿಡಿ ಬೋಲ್ಟ್ ಜೇಬಿನಲ್ಲಿರಲಿ.

ದೋಷ: ಏರಿನಲ್ಲಿ ಸೈಕಲ್ ತಳ್ಳುತ್ತಿರುವಾಗ ಗಂಬೂಟು ಹಾಕಿದ ಮೇಸ್ತ್ರಿ, ತಲೆಯ ಮೇಲೆ ಗೊಬ್ಬರದ ಚೀಲ ಹೊತ್ತು, ನನ್ನನ್ನು ದಾಟಿ ಹೋದರು. ಪರಿಹಾರ: ಇದು ದೋಷವಲ್ಲ. ‘ಎಂಥ ಅಣ್ಣಾ, ಗಾಳಿ ಹೋಯ್ತಾ?’ ಎಂದು ಕೇಳಿದರೆ ಹೌದೆನ್ನಿ. ಟೈರಿನ ಗಾಳಿಯ ಬಗ್ಗೆ ಕೇಳಿದರು ಎಂದುಕೊಳ್ಳುವ ಸ್ವಾತಂತ್ರ್ಯ ನಿಮಗಿದೆ.

ದೋಷ: ಕಾರ್ಬನ್ ಅಟ್ಟೆಯ ಶೂ ಈಗಾಗಲೇ ಕೊಂಡಾಗಿದೆ. ಪರಿಹಾರ: ಮೂತಿಯಲ್ಲಿ ತಿರುಪಿನ ತೂತಿದ್ದರೆ ಮೊಳೆ ಹಾಕಿಸಿ, ಮಣ್ಣಿನ ಏರಿನಲ್ಲಿ ಕಚ್ಚುತ್ತದೆ, ಬಂಡೆಯ ಮೇಲೆ ಇನ್ನಷ್ಟು ಜಾರುತ್ತದೆ. ಇಲ್ಲವಾದರೆ ಕುಶಾಲನಗರದ ಕಡೆಯ ನುಣುಪು ರಸ್ತೆಗೆ ಮೀಸಲಿಡಿ.

ದೋಷ: ಆಟಿ ತಿಂಗಳ ಕೆಸರುಗದ್ದೆ ಓಟಕ್ಕೆ ಈ ಶೂ ಆಗುತ್ತದೆಯೇ? ಪರಿಹಾರ: ಆಗುವುದಿಲ್ಲ. ಅಲ್ಲಿ ಗೆಲ್ಲುವವರು ಬರಿಗಾಲಲ್ಲೇ ಓಡುತ್ತಾರೆ. ಬೆರಳುಗಳಿಗೆ ತಮ್ಮದೇ ಹಿಡಿತವಿದೆ. ಶೂ ತಯಾರಕರು ರಬ್ಬರಿನ ಹಲ್ಲುಗಳಿಂದ ಬೆನ್ನುಹತ್ತಿರುವುದು ಅದನ್ನೇ.

10. ವಾರಂಟಿ

ತಯಾರಿಕೆಯ ದೋಷಗಳಿಗೆ ಕಂಪನಿ ಹೊಣೆ. ಅಟ್ಟೆ ಸವೆದದ್ದು, ಡಯಲ್ ಕಲ್ಲಿಗೆ ಬಡಿದದ್ದು, ನಾಯಿ ಕಚ್ಚಿಕೊಂಡು ಹೋದದ್ದು ಇದರಲ್ಲಿ ಸೇರುವುದಿಲ್ಲ. ಶೂವಿನ ವಿವರಪತ್ರಕ್ಕೂ, ಅಂಗಡಿಯವನ ಮಾತಿಗೂ, ಈ ಕೈಪಿಡಿಗೂ ಭಿನ್ನತೆ ಕಂಡುಬಂದಲ್ಲಿ ಗಾಳಿಬೀಡಿನ ಏರು ಹೇಳಿದ್ದೇ ಅಂತಿಮ. ಮೇಲ್ಮನವಿಯನ್ನು ಕಾಲ್ನಡಿಗೆಯಲ್ಲೇ ಬಂದು ಸಲ್ಲಿಸತಕ್ಕದ್ದು.